ಮೊದಲು ನಿಮ್ಮದಾಗಲಿ

ಉಪಚಾರದ ಮಾತಿಗೆ ಇಬ್ಬರು ಬೇಕು. ಒಬ್ಬ ‘ಮೊದಲು ನಿಮ್ಮದಾಗಲಿ’ ಎನ್ನಬೇಕು; ಇನ್ನೊಬ್ಬ ‘ಛೆ ಛೆ, ಎಲ್ಲಾದರೂ ಉಂಟೆ, ನಿಮ್ಮದೇ ಆಗಲಿ’ ಎನ್ನಬೇಕು. ಈ ಎರಡನೆಯವನು ಅಮೆರಿಕದಲ್ಲಿ ಸಿಗುವುದಿಲ್ಲವೆಂದು ನನಗೆ ತಿಳಿದದ್ದು ಲಾಸ್ ಗ್ಯಾಟೋಸಿನ ಬೆಟ್ಟದಲ್ಲಿ ಮನೆ ಕೊಂಡ ಮೇಲೆ. ಫ್ರೀವೇ ಬಿಟ್ಟು ಹತ್ತಿದರೆ ನಮ್ಮ ಮಣ್ಣುದಾರಿ ಕವಲೊಡೆಯುತ್ತದೆ. ಎಡಕ್ಕೆ ಬಾಬ್‌ನ ಮನೆ, ಬಲಕ್ಕೆ ನಮ್ಮದು. ಖಾಸಗಿ ದಾರಿಯಾದ್ದರಿಂದ ಡಾಂಬರನ್ನು ನಾವೇ ಎರಡು ಮನೆಯವರು ದುಡ್ಡು ಸೇರಿಸಿ ಹಾಕಿಸಿಕೊಳ್ಳಬೇಕು. ಚಳಿಗಾಲದ ಮಳೆ ಹಿಡಿಯಿತೆಂದರೆ, ಡಾಕ್ಟರಾಗಿರುವ ನನ್ನ ಹೆಂಡತಿ ಸುಮಾಳ ಕಾರು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ರೋಗಿಗಳು ಕಾಯುತ್ತಿರುತ್ತಾರೆ; ಇಲ್ಲಿ ನಾನು ಸಲಿಕೆಯಿಂದ ಕೆಸರು ತೆಗೆದು ಕಾರು ತಳ್ಳುತ್ತಿರುತ್ತೇನೆ.

ಕಳೆದ ವರ್ಷ ಬಾಬ್ ಮೀಟಿಂಗು ಕರೆದು, ಈ ಬೇಸಿಗೆಗೆ ಒಂದೇ ಕವಲಿಗೆ ಡಾಂಬರು, ಯಾರದು ಮೊದಲು ಎಂದು ಕೇಳಿದ. ಕನ್ನಡಿಯ ಮುಂದೆ ನಿಂತು ವಾದಕ್ಕೆ ತಯಾರಾಗಿಯೇ ಹೋಗಿದ್ದೆ. ಬಾಯಿಂದ ಹೊರಬಿದ್ದದ್ದು ಮಾತ್ರ, ಇಂಗ್ಲಿಷಿನ ವೇಷದಲ್ಲಿ, ‘ಮೊದಲು ನಿಮ್ಮದಾಗಲಿ!’ ಅವನು ಥ್ಯಾಂಕ್ಯೂ ಎಂದು ಕೈಕುಲುಕಿ ಹೊರಟೇಹೋದ. ಒಂದು ಸಲವಾದರೂ ಬೇಡ ಅನ್ನಬಾರದೆ?

ಈ ಚಳಿಗಾಲ ಧಾರವಾಡದ ಕಡೆಯಿಂದ ಬಂದ ಮಾವನವರು ಮಾತ್ರ ಕಥೆ ಕೇಳಿ ನನ್ನ ಪರ ನಿಂತರು. ಬ್ರಿಟಿಷರ ಕಾಲದಲ್ಲಿ ಅವರು ತಾಲೂಕು ಬೋರ್ಡಿನ ಮೆಂಬರು. ಹತ್ತಿ ಬೆಳೆಯುವ ಎರೆ ಭೂಮಿ. ಮಳೆಗಾಲದಲ್ಲಿ ಗಾಡಿಗಳು ಅಚ್ಚಿನ ತನಕ ಹೂಳುತ್ತಿದ್ದವಂತೆ. ಮಂಜೂರಾದದ್ದು ಒಂದೇ ರಸ್ತೆ, ಕೇಳಿದ್ದು ಎರಡು ಊರು.

“ಹೊರಗ ಎರಡೂ ಊರಿನ ಮಂದಿ ಬಡಿಗಿ ಹಿಡದು ನಿಂತಿದ್ರು. ಒಳಗ ಕಲೆಕ್ಟರ್ ಸಾಹೇಬ್ರ ಮುಂದ ಪಕ್ಕದೂರಿನ ಗೌಡ್ರು ‘ಮೊದ್ಲ ನಿಮ್ದ ಆಗ್ಲಿ’ ಅಂದ್ರು. ನಾ ಬಿಡ್ತೀನೇನು? ‘ಏ, ನಿಮ್ದ ಆಗ್ಲಿ’ ಅಂದೆ.”

“ಆಮೇಲೆ?”

“ಆಮ್ಯಾಲೇನ್ರಿ, ಇಬ್ರಿಗೂ ಬ್ಯಾಡಂತ ತಿಳದು ಕಲೆಕ್ಟರ್ ಸಾಹೇಬ್ರು ತಮ್ಮ ಬಂಗಲೇಕ್ಕ ಮಾಡ್ಕೊಂಡ್ರು.”

ಇದನ್ನು ಹೆಮ್ಮೆಯಿಂದ ಬೇರೆ ಹೇಳುತ್ತಾರೆ! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಸುಮಾ ನನಗೆ ಪಾಠ ಶುರುಮಾಡಿದಳು. “ಬಾಬ್ ಕೇಳಿದ್ರೆ ಯೆಸ್ ಅನ್ನಿ. ಅಷ್ಟೇರೀ. ಇನ್ನೊಂದು ವಿಂಟರು ನನ್ನ ಕೈಲಾಗಲ್ಲ.”

ಮೊನ್ನೆ ಬಾಬ್ ತಾನಾಗಿಯೇ ಬಾಗಿಲಿಗೆ ಬಂದ. ನನ್ನ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿದ್ದನ್ನು ನೋಡಿ ಪಾಪ ಅನ್ನಿಸಿತೇನೋ, “ಈ ಸಲ ನಿಮ್ಮ ಕಡೆ ಹಾಕಿಸಿಬಿಡೋಣವೇ?” ಎಂದ. ಸುಮಾ ನನ್ನ ಬೆನ್ನ ಹಿಂದೆಯೇ ಇದ್ದಳು. ಯೆಸ್ ಎಂಬುದು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

“ಅಯ್ಯೋ, ನಮಗೇನೂ ಅವಸರವಿಲ್ಲ,” ಎಂದೆ.

“ಓಕೆ,” ಎಂದು ಬಾಬ್ ಹೊರಟುಹೋದ.

“ಶಾಬಾಸ್ ಅಳಿಯಂದ್ರ!” ಎಂದು ಮಾವನವರು ಒಳಗಿನಿಂದ ಕೂಗಿದರು. ಸುಮಾ ಮೂಲೆಯಲ್ಲಿದ್ದ ಎರಡು ಸಲಿಕೆಗಳನ್ನೂ ತಂದಳು. ಒಂದನ್ನು ಅಪ್ಪನ ಕುರ್ಚಿಗೆ ಒರಗಿಸಿ, ಇನ್ನೊಂದನ್ನು ನನ್ನ ಮುಂದೆ ಹಿಡಿದು, ಬಹಳ ಮರ್ಯಾದೆಯಿಂದ ಹೇಳಿದಳು:

“ಮೊದ್ಲು ನಿಮ್ಮದಾಗ್ಲಿ.”