ಆರನೇ ವಯಸ್ಸಿನ ಸೀತಾಳೆ ಸಿಡುಬು

ಮೇಷ್ಟರಾದವನು ಪಾಠಕ್ಕೆ ತನ್ನನ್ನೇ ಉದಾಹರಣೆಯಾಗಿ ಕೊಟ್ಟುಕೊಳ್ಳಬಾರದು. ಈ ಬುದ್ಧಿ ನನಗೆ ಬಂದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಮೈತುಂಬ ಗುಳ್ಳೆಗಳ ಜೊತೆಗೆ. ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವ ನಾನು ರೋಗನಿರೋಧಕ ಶಕ್ತಿಯ ಪಾಠ ಬಂದಾಗಲೆಲ್ಲ ಎದೆಯುಬ್ಬಿಸಿ ನಿಲ್ಲುತ್ತಿದ್ದೆ. "ನೋಡ್ರಪ್ಪ, ವೈರಸ್ಸು ಮೊದಲನೇ ಸಲ ಬಂದಾಗ ದೇಹಕ್ಕೆ ಅದರ ಗುರುತಿರಲ್ಲ. ಸರಿಯಾದ ಪ್ರತಿಕಾಯ ತಯಾರಿಸೋಕೆ ದಿನಗಟ್ಟಲೆ ಬೇಕು. ಅಷ್ಟರಲ್ಲಿ ನಾವು ಮಲಗಿರ್ತೀವಿ. ಆದ್ರೆ ಕೆಲವು ಜೀವಕೋಶಗಳು ಅದರ ಮುಖ ನೆನಪಿಟ್ಕೊಳ್ತವೆ, ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಒಂದು ಸಲ ಮೋಸ ಹೋದೋರ ಥರ. ಲಸಿಕೆ ಅಂದ್ರೆ ಕಾಯಿಲೆ ಬೀಳದೇನೇ ಆ ಮುಖ ತೋರಿಸಿಬಿಡೋದು. ನನಗೆ ಆರನೇ ವಯಸ್ಸಲ್ಲೇ ಸೀತಾಳೆ ಸಿಡುಬು ಬಂದಿತ್ತು. ಇನ್ನು ಈ ಜನ್ಮದಲ್ಲಿ ನನ್ನ ಹತ್ರ ಸುಳಿಯಲ್ಲ!" ಪಕ್ಕದ ಕೋಣೆಯ ಹೆಡ್ಮಾಸ್ಟರಿಗೂ ಈ ಮಾತು ಬಾಯಿಪಾಠವಾಗಿತ್ತು.

ಆ ವರ್ಷ ಮಗಳ ತರಗತಿಯಲ್ಲಿ ಸೀತಾಳೆ ಸಿಡುಬು ಕಾಣಿಸಿಕೊಂಡಿತು. ಚಿಂತಾಮಣಿಯ ಡಾಕ್ಟರ ಬಳಿ ಅವಳಿಗೆ ಲಸಿಕೆ ಹಾಕಿಸಿದೆ. "ನಿಮಗೆ ಬಂದಿತ್ತಾ? ಇಲ್ಲಾಂದ್ರೆ ನೀವೂ ಹಾಕಿಸ್ಕೊಳ್ಳಿ. ದೊಡ್ಡೋರಿಗೆ ಬಂದ್ರೆ ಜೋರಾಗಿರುತ್ತೆ" ಎಂದರು ಅವರು. ಸೂಜಿ ಕಂಡರೆ ಬಾಗಿಲು ಹುಡುಕುವ ನಾನು "ಬಂದಿತ್ತು ಸಾರ್" ಎಂದೆ, ಬಹಳ ಸಂತೋಷದಿಂದ. ಮರುವಾರ ನಮ್ಮ ಶಾಲೆಯ ಹುಡುಗಿಯೊಬ್ಬಳಿಗೆ ಗುಳ್ಳೆ ಎದ್ದಾಗ ಉಳಿದ ಮೇಷ್ಟರುಗಳು ಮಾರು ದೂರ ನಿಂತರು. ನಾನೊಬ್ಬನೇ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದೆ. ಎರಡು ವಾರ ಕಳೆಯಿತು. ಜ್ವರ ಬಂತು.

"ಏನ್ರೀ ಇದು! ಬೆನ್ನೆಲ್ಲ ನೀರ್ಗುಳ್ಳೆ!" ಎಂದು ಹೆಂಡತಿ ಕಿರುಚಿದಳು.

"ಬೆವರುಸಾಲೆ ಕಣೇ" ಎಂದೆ. ಡಾಕ್ಟರು ಒಪ್ಪಲಿಲ್ಲ. ಇದು ಸೀತಾಳೆ ಸಿಡುಬೇ, ಎರಡನೇ ಸಲ ಬರುವುದು ತೀರ ಅಪರೂಪ, ಮೊದಲು ಬಂದಿತ್ತೆಂದು ಹೇಳಿದವರು ಯಾರು ಎಂದು ಕೇಳಿದರು. ನನಗೆ ಸಿಟ್ಟೇ ಬಂತು. ಮನೆಗೆ ಬಂದು ತಾಯಿಯನ್ನು ಸಾಕ್ಷಿಗೆ ಕರೆದೆ. ಬೇವಿನ ಸೊಪ್ಪು ಹಿಡಿದು ನಿಂತಿದ್ದ ಆಕೆ ಗೊಳೋ ಎಂದು ಅತ್ತುಬಿಟ್ಟಳು.

"ನಿನಗಾಗ ಬಂದೇ ಇರ್ಲಿಲ್ಲ ಕಣಪ್ಪ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿದ್ವು. ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡೋಕೆ ಕೈ ಸಾಲ್ದು. ಮಗನಿಗೆ ಅಮ್ಮ ಬಂದವ್ಳೆ, ಸ್ಕೂಲಿಗೆ ಬರಲ್ಲ ಅಂತ ನಿಮ್ಮ ಮೇಷ್ಟ್ರಿಗೆ ಹೇಳಿ ಕಳ್ಸಿದ್ದೆ. ಬಾಗ್ಲಿಗೆ ಬೇವು ಕಟ್ಟಿದ್ರೆ ಯಾರೂ ಒಳಗೆ ಬಂದು ನೋಡಲ್ಲ ಅಂತ..."

ನನಗೆ ಸಿಡಿಲು ಬಡಿದಂತಾಯಿತು. ಬಾಗಿಲಿನ ಬೇವು ನೆನಪಿತ್ತು, ಬೆರಳ ಮೇಲೆ ತಣ್ಣಗೆ ಹರಿದಾಡಿದ ಹಣ್ಣು ಹುಳಗಳೂ ನೆನಪಿದ್ದವು. ಗುಳ್ಳೆಗಳನ್ನು ಮಾತ್ರ ನಾನೇ ಸೇರಿಸಿಕೊಂಡಿದ್ದೆ! ಹದಿನೈದು ವರ್ಷ ನೂರಾರು ಮಕ್ಕಳ ಮುಂದೆ ಮೆರೆಸಿದ ಆ ರೋಗನಿರೋಧಕ ಶಕ್ತಿ ನನ್ನ ಮೈಯಲ್ಲಿ ಇರಲೇ ಇಲ್ಲ. ಉಸಿರಾಡಿದರೆ ಎದೆ ನೋಯುತ್ತಿತ್ತು, ನಿಜಕ್ಕೂ ಹೆದರಿದೆ. ತಾಯಿಯ ಮೇಲೆ ರೇಗಬೇಕೆಂದುಕೊಂಡೆ. ಅವಳು ಅಳುತ್ತಲೇ ನನ್ನ ಬೆನ್ನಿಗೆ ಬೇವಿನ ಸೊಪ್ಪು ಸವರತೊಡಗಿದಳು, ರೇಗಲಾಗಲಿಲ್ಲ.

ಸೀತಾಳೆ ಸಿಡುಬೆಂದು ಬರೆದು ಎರಡು ವಾರದ ರಜೆಗೆ ಚೀಟಿ ಕಳಿಸಿದೆ. ಹೆಡ್ಮಾಸ್ಟರು ಫೋನು ಮಾಡಿದರು.

"ಏನ್ ಮೇಷ್ಟ್ರೇ, ಒಂದು ಸಲ ಬಂದ್ಮೇಲೆ ಬರಲ್ಲ ಅಂತ ನೀವೇ ಹೇಳ್ತಿದ್ರಲ್ಲ! ನಂಬೋ ಥರ ಏನಾದ್ರೂ ಬರ್ಕೊಡಿ."

ತಾಯಿಯ ಮುಖ ನೋಡಿದೆ. ಹಳ್ಳಿಯಲ್ಲಿ ಹುಳ ಹಣ್ಣಾಗಿವೆ, ಕೈ ಸಾಲದು ಎಂದು ಬರೆದು ಕಳಿಸಿದೆ. ಸಂಜೆಯೊಳಗೆ ರಜೆ ಮಂಜೂರಾಯಿತು.