ದೊಡ್ಡಪ್ಪ ವಿಮಾನದಿಂದ ಅಕ್ಕನನ್ನು ನೋಡಿದ್ದು

ನಮ್ಮ ದೊಡ್ಡಪ್ಪ ವಿಮಾನ ಮಾಡಿದವರು. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ! ಪೀಣ್ಯದ ಶೆಡ್ಡೊಂದರಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಅವರು ನಿಜವಾಗಿ ಮಾಡಿದ್ದು ವಾಯುಪಡೆಯ ವಿಮಾನಕ್ಕೆ ಹೋಗುವ, ಹೆಬ್ಬೆರಳು ಗಾತ್ರದ, ಬುಷ್ ಎನ್ನುವ ಲೋಹದ ಬಳೆಯೊಂದನ್ನೇ. "ಅದಿಲ್ಲಂದ್ರ ವಿಮಾನ ಏಳಂಗಿಲ್ಲ" ಎನ್ನುತ್ತಾರೆ. ಇರಬಹುದು. ತೆಗೆದು ನೋಡಿದವರು ಯಾರು?

ಈ ಕಸುಬು ಅವರಿಗೆ ಅಂಟಿಸಿದ ರೋಗವೆಂದರೆ ಅಳತೆ. ನಿವೃತ್ತಿಯಾದ ಮೇಲೂ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇದ್ದೇ ಇರುತ್ತದೆ. ಒಮ್ಮೆ ಜೋಳದ ರೊಟ್ಟಿಗೇ ಅದನ್ನು ಹಿಡಿದು, "ಇವತ್ತು ಅರ್ಧ ಮಿಲಿಮೀಟರ್ ದಪ್ಪ ಆಗೇದ" ಎಂದರು. ದೊಡ್ಡಮ್ಮ ತಟ್ಟೆಯನ್ನೇ ಎಳೆದುಕೊಂಡರು. "ಈ ಮನ್ಯಾಗ ರೊಟ್ಟಿ ತಿನ್ನಾವ್ರಿಗೆ ಅಷ್ಟ. ಅಳತಿ ಮಾಡಾವ್ರಿಗಿಲ್ಲ."

ಇಂಥವರು ಎಪ್ಪತ್ತು ದಾಟಿದರೂ ವಿಮಾನ ಹತ್ತಿರಲಿಲ್ಲ! ಕೊನೆಗೆ ನಾನೇ ಬೀದರಿಗೆ ಕರೆದುಕೊಂಡು ಹೊರಟೆ. ಅಲ್ಲಿ ಅವರ ಅಕ್ಕ, ಅಂದರೆ ನನಗೆ ಅತ್ತೆ, ಇದ್ದಾರೆ. ತಾಯಿಯಿಲ್ಲದ ದೊಡ್ಡಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಅವರ ಮನೆ ವಿಮಾನ ಇಳಿಯುವ ದಾರಿಯಲ್ಲೇ ಇದೆ.

"ಅಕ್ಕಾ, ಕೆಂಪು ಸೀರಿ ಉಟ್ಟು ಮಾಳಗಿ ಮ್ಯಾಲ ನಿಂದ್ರು. ನಿನ್ನ ನೋಡಿ ಕೈ ಬೀಸ್ತೀನಿ" ಎಂದು ದೊಡ್ಡಪ್ಪ ಫೋನ್ ಮಾಡಿದರು.

"ಮಣಕಾಲು ಹಿಡದಾವ, ಆದ್ರೂ ಹತ್ತತೀನಿ ತಮ್ಮಾ. ಓಣಿ ಮಂದಿಗೆಲ್ಲ ಹೇಳೀನಿ" ಎಂದರು ಅತ್ತೆ.

ಆಮೇಲೆ ಒಂದು ವಾರ ಗ್ರಾಫ್ ಹಾಳೆ, ಕೋನಮಾಪಕ, ಲೆಕ್ಕಾಚಾರ. ಮನೆ ಎಡಕ್ಕೆ ಬರುತ್ತದೆಂದು ತೀರ್ಮಾನವಾಗಿ ಎಡಗಡೆಯ ಕಿಟಕಿ ಸೀಟನ್ನೇ ಹಿಡಿದದ್ದಾಯಿತು.

ಇನ್ನೇನು ಇಳಿಯಬೇಕು, ಪ್ರಕಟಣೆ ಬಂತು. ಇದು ವಾಯುಪಡೆಯ ನೆಲೆ, ನಮ್ಮಂಥ ಪ್ರಯಾಣಿಕರ ವಿಮಾನಗಳು ಇಲ್ಲಿ ಬರೀ ನೆಂಟರು. ಹಾಗಾಗಿ ಎಲ್ಲರೂ ಕಿಟಕಿಯ ಪರದೆ ಮುಚ್ಚಬೇಕಂತೆ! ಗ್ರಾಫ್ ಹಾಳೆಯಲ್ಲಿ ಇದೊಂದು ಇರಲಿಲ್ಲ.

"ನಮ್ಮಕ್ಕ ಬಿಸಿಲಾಗ ನಿಂತಾಳವ್ವಾ" ಎಂದರು ದೊಡ್ಡಪ್ಪ.

"ರೂಲ್ಸ್ ಸಾರ್, ಹೊರಗಡೆ ನೋಡೋ ಹಾಗಿಲ್ಲ" ಎಂದಳು ಗಗನಸಖಿ.

"ಈ ವಾಯುಪಡಿ ವಿಮಾನಕ್ಕ ಬುಷ್ ಮಾಡಿಕೊಟ್ಟಾಂವ ನಾನ."

"ಥ್ಯಾಂಕ್ಸ್ ಸಾರ್. ಶೇಡ್ ಮುಚ್ಚಿ."

ಮುಚ್ಚಿದರು. ಅವಳು ಅತ್ತ ಹೋದದ್ದೇ ತಡ, ಪರದೆ ಮೆಲ್ಲಗೆ ಮೇಲೆದ್ದಿತು. ಅವಳೂ ಅಷ್ಟೇ ಮೆಲ್ಲಗೆ ಹಿಂದಿರುಗಿದಳು.

"ಹತ್ತ ಮಿಲಿಮೀಟರ್ ಅಷ್ಟ ಅದ."

"ಸೊನ್ನೆ ಇರ್ಬೇಕು ಸಾರ್."

ಅಳತೆಯ ಮಾತಿಗೆ ದೊಡ್ಡಪ್ಪ ಎದುರಾಡಿದವರೇ ಅಲ್ಲ. ಪೂರ್ತಿ ಮುಚ್ಚಿ ಗಡಿಯಾರ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ "ಈಗ" ಎಂದು ತಮಗೇ ಹೇಳಿಕೊಂಡು, ಆ ಮುಚ್ಚಿದ ಪರದೆಗೇ ಕೈ ಬೀಸತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ.

ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಕೆಂಪು ಸೀರೆ ಬೆವರಿನಿಂದ ಒದ್ದೆಯಾಗಿತ್ತು. ಮಂಡಿಗೆ ಯಾರೋ ಎಣ್ಣೆ ತಿಕ್ಕುತ್ತಿದ್ದರು.

"ಕಂಡೆನೇನೋ ತಮ್ಮಾ?"

ದೊಡ್ಡಪ್ಪ ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದರು. "ಕಾಣದ ಏನವಾ? ಇಡೀ ಊರಾಗ ನೀ ಒಬ್ಬಾಕಿನ ಕಂಡಿ."

ಅತ್ತೆಯ ಮುಖ ಅರಳಿತು. ತಮ್ಮನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನೂ ಕಂಡಿ ಬಿಡು. ಕಿಟಕ್ಯಾಗಿಂದ ಎಷ್ಟ್ ಹೊತ್ತು ಕೈ ಬೀಸಿದ್ಯೋ, ಕೈ ನೋಯಲಿಲ್ಲೇನು?"

ದೊಡ್ಡಪ್ಪ ನನ್ನತ್ತ ನೋಡಿದರು. ನಾನೇ ಹೇಳಿದೆ: "ಹೌದತ್ತೆ, ಇಳಿಯೋವರೆಗೂ ಬೀಸ್ತಾನೇ ಇದ್ರು."