ನನ್ನ ಅಣು, ನನ್ನ ಹೆಂಡತಿ, ಅಮ್ಮನ ಮಂಡಿ

ಗಂಡ ಹೆಂಡತಿ ಒಂದೇ ಕಂಪನಿಯಲ್ಲಿ ಕೆಲಸ ಮಾಡಬಾರದೆಂದು ಹಿರಿಯರು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಖಂಡಿತ ಕೇಳುತ್ತಿದ್ದೆ. ಬಾಗಲೂರಿನ ಆಚೆ ಔಷಧ ಸಂಶೋಧನೆಯ ಕಂಪನಿಯೊಂದರಲ್ಲಿ ನಾನು ಹೊಸ ಹೊಸ ಅಣುಗಳನ್ನು ತಯಾರಿಸುತ್ತೇನೆ. ಪಕ್ಕದ ವಿಭಾಗದಲ್ಲಿರುವ ನನ್ನ ಹೆಂಡತಿ ಸುಜಾತ ಅವನ್ನು ಪರೀಕ್ಷೆ ಮಾಡಿ ಕೊಲ್ಲುತ್ತಾಳೆ. ಹಗಲೆಲ್ಲ ಕೊಂದು, ಸಂಜೆ ನನ್ನದೇ ಸ್ಕೂಟರಿನ ಹಿಂದೆ ಕೂತು ಸಹಕಾರನಗರದ ಮನೆಗೆ ಬರುತ್ತಾಳೆ. "ಮೊನ್ನೆ ಕಳ್ಸಿದ್ರಲ್ಲ, ಅದು ನೀರಲ್ಲೇ ಕರಗ್ಲಿಲ್ಲ ಕಣ್ರೀ" ಎಂದು ಸಾರಿಗೆ ಉಪ್ಪು ಹಾಕುತ್ತ ಹೇಳುತ್ತಾಳೆ. ಉಪ್ಪು ಮಾತ್ರ ಚೆನ್ನಾಗಿ ಕರಗಿರುತ್ತದೆ.

ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ ಬೆಳೆದ ನನ್ನಮ್ಮನಿಗೆ ಮಂಡಿನೋವು. ಕೀಲುಗಳನ್ನು ಊದಿಸುವ ಕಿಣ್ವವೊಂದನ್ನು ತಡೆಯುವ ಔಷಧಕ್ಕಾಗಿ ಮಗ ಒದ್ದಾಡುತ್ತಿದ್ದಾನೆಂದು ತಿಳಿದಾಗಿನಿಂದ ಕಾಯುತ್ತಲೇ ಇದ್ದಾಳೆ. "ಇಂಗೇ ಮಾಡ್ತಾ ಕೂತ್ರೆ, ನಿನ್ ಮಾತ್ರೆ ಬರೋ ಹೊತ್ಗೆ ನಂಗೆ ಮಂಡಿನೇ ಇರಲ್ಲ ಕಣಪ್ಪಾ" ಎನ್ನುತ್ತಾಳೆ.

ಕೊನೆಗೂ ಈ ವರ್ಷ ಒಂದು ಅಣು ಬದುಕಿತು. ನೀರಿನಲ್ಲಿ ಕರಗಿತು, ಕಿಣ್ವವನ್ನು ಹಿಡಿದು ಕೂರಿಸಿತು. ಮಾತ್ರೆಗೆ ಯಾವ ಬಣ್ಣ ಚೆನ್ನ ಎಂದು ನಾನು ಒಳಗೊಳಗೇ ಯೋಚಿಸತೊಡಗಿದೆ. ಯಕೃತ್ತಿನ ಜೀವಕೋಶಗಳಿಗೆ ಹಾನಿ ಮಾಡುತ್ತದೋ ಇಲ್ಲವೋ ಎಂಬ ಪರೀಕ್ಷೆಯೊಂದು ಬಾಕಿಯಿತ್ತು, ಸುಜಾತಳ ಕೈಯಲ್ಲಿ. ವಾರವಿಡೀ ಅವಳು ಆ ವಿಷಯ ಎತ್ತಲಿಲ್ಲ. ಶುಭಸೂಚನೆ ಎಂದುಕೊಂಡೆ.

ವಾರದ ಕೊನೆಗೆ ಒಂದು ಸಂಜೆ, ಮನೆಗೆ ಬರುವ ದಾರಿಯಲ್ಲಿ ಯಲಹಂಕದ ಸಿಗ್ನಲ್ಲಿನಲ್ಲಿ ನಿಂತಾಗ ನಾನೇ ಕೇಳಿದೆ.

"ಮನೆಗ್ ಹೋಗಿ ಮಾತಾಡೋಣ" ಎಂದಳು.

"ಪರ್ವಾಗಿಲ್ಲ, ಹೇಳೇ."

"ಲಿವರ್ ಜೀವಕೋಶ ಎಲ್ಲಾ ಸತ್ತೋದ್ವು ಕಣ್ರೀ."

"ಸರಿಯಾಗ್ ಮಾಡಿದ್ಯಾ?"

ಸಾಮಾನ್ಯವಾಗಿ ಈ ಪ್ರಶ್ನೆಗೆ ಅವಳು ಸಿಡುಕುತ್ತಾಳೆ. ಅಂದು ನನ್ನ ಬೆನ್ನಿಗೆ ಹಣೆ ಒರಗಿಸಿ, "ವಾರದಿಂದ ಅದನ್ನೇ ಮತ್ತೆ ಮತ್ತೆ ಮಾಡ್ತಿದ್ದೀನಿ. ಈ ಸಲ ಆದ್ರೂ ತಪ್ಪು ನನ್ದೇ ಆಗಿರ್ಲಿ ಅಂತ" ಎಂದಳು.

ಹಸಿರು ದೀಪ ಬಂದರೂ ನಾನು ಕದಲಲಿಲ್ಲ. ಹಿಂದಿನ ಆಟೋದವನು, "ಏನ್ ಗುರು, ಇಲ್ಲೇ ಮನೆ ಕಟ್ತೀಯಾ?" ಎಂದ.

ಮರುವಾರ ಆ ಸಂಶೋಧನೆಯನ್ನೇ ನಿಲ್ಲಿಸಿಬಿಟ್ಟರು. ಅಮ್ಮನಿಗೆ ಹೇಳಿದೆ. ಅವಳು ಮಂಡಿ ನೀವಿಕೊಂಡು, ಸೊಸೆಯ ಕೈಹಿಡಿದು, "ಅಷ್ಟ್ ದಿನ ಇದನ್ನ ಒಟ್ಟೇಲಿಟ್ಕೊಂಡು ಎಂಗಮ್ಮಾ ಅಡ್ಗೆ ಮಾಡ್ದೆ?" ಎಂದಳು. ನಾನು ಹೇಗಿದ್ದೇನೆಂದು ಯಾರೂ ಕೇಳಲಿಲ್ಲ. ಮುಲಾಮು ಮುಗಿದಿದೆ, ತಗೊಂಡು ಬಾ ಎಂದು ನನ್ನನ್ನು ಮೆಡಿಕಲ್ ಶಾಪಿಗೆ ಕಳುಹಿಸಿದರು.

ಅಂಗಡಿಯವನು ಹೊಸದೊಂದು ಎಣ್ಣೆಯ ಬಾಟಲಿ ಮುಂದಿಟ್ಟ. "ಮಂಡಿಗೆ ಇದೇ ಬೆಸ್ಟ್ ಸಾರ್."

"ಏನಿದೆ ಇದ್ರಲ್ಲಿ?"

"ಗಿಡಮೂಲಿಕೆ."

"ಯಾವ ಗಿಡ?"

"ಅದೆಲ್ಲ ಗೊತ್ತಿಲ್ಲ ಸಾರ್. ನಮ್ಮತ್ತೆ ಎದ್ದು ಓಡಾಡ್ತಾವ್ರೆ."

ಒಬ್ಬ ಅತ್ತೆಯ ಮೇಲೆ ನಡೆದ ಈ ಪ್ರಯೋಗವನ್ನು ನಂಬಿ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಾನು ಎರಡು ಬಾಟಲಿ ಕೊಂಡೆ. ಅದರ ಒಂದು ಹನಿಯೂ ಸುಜಾತಳ ಪ್ರಯೋಗಾಲಯ ಸೇರದಂತೆ ಇವತ್ತಿಗೂ ಕಾಯುತ್ತಿದ್ದೇನೆ.